ಪವರ್‌ಎಡ್ಜ್ ಆರ್730ಎಕ್ಸ್‌ಡಿ ಮತ್ತು ಎಚ್‌ಬಿಎ330: ಕೆಲವು ವರ್ಷ ಬಳಸಿದ ಮೇಲೆ

ಹಳೆಯ ರ‍್ಯಾಕ್ ಸರ್ವರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ಎಷ್ಟು ಕೋರ್, ಎಷ್ಟು ರ‍್ಯಾಮ್. ನಾನು ಮೊದಲು ಕೇಳುವುದು ಸ್ಟೋರೇಜ್ ಕಂಟ್ರೋಲರ್ ಯಾವುದು ಅಂತ. ಪ್ರೊಸೆಸರ್ ಸಾಲದಿದ್ದರೆ ಬದಲಿಸಬಹುದು, ರ‍್ಯಾಮ್ ಸೇರಿಸಬಹುದು. ಆದರೆ ಡಿಸ್ಕಿಗೂ ಲಿನಕ್ಸಿಗೂ ನಡುವೆ ಕೂತ ಕಾರ್ಡ್ ಹೊಂದದಿದ್ದರೆ ಅದರ ತಲೆನೋವು ಡಿಸ್ಕ್ ಕೆಟ್ಟ ರಾತ್ರಿಯೇ ಗೊತ್ತಾಗುವುದು.

ನಮ್ಮದು ಬೆಂಗಳೂರಿನ ಸಣ್ಣ ಆಫೀಸು. ಸರ್ವೆ ನಕ್ಷೆ, ಡ್ರೋನ್ ಫೋಟೊ, ದೊಡ್ಡ ದೊಡ್ಡ ಕ್ಯಾಡ್ ಫೈಲುಗಳು. ಮುಖ್ಯ ಯಂತ್ರ ಡೆಲ್ ಪವರ್‌ಎಡ್ಜ್ ಆರ್730ಎಕ್ಸ್‌ಡಿ. ಮುಂದೆ 3.5 ಇಂಚಿನ 12 ಡಿಸ್ಕ್, ಹಿಂದೆ 2.5 ಇಂಚಿನ ಎರಡು. ಒಳಗೆ ಎರಡು ಕ್ಸಿಯಾನ್ ಇ5-2680 ವಿ4, 128 ಜಿಬಿ ಇಸಿಸಿ ಮೆಮೊರಿ, ಕಂಟ್ರೋಲರ್ ಜಾಗದಲ್ಲಿ ಎಚ್‌ಬಿಎ330 ಮಿನಿ. ಎಚ್‌ಬಿಎ ಅಂದರೆ ಡಿಸ್ಕುಗಳನ್ನು ಯಂತ್ರಕ್ಕೆ ಜೋಡಿಸುವ ಸರಳ ಕಾರ್ಡ್. ಯಂತ್ರದ ಮೇಲೆ ವರ್ಚುವಲ್ ಯಂತ್ರಗಳನ್ನು ಓಡಿಸುವ ಪ್ರಾಕ್ಸ್‌ಮಾಕ್ಸ್, ಕೆಳಗೆ ಡಿಸ್ಕುಗಳನ್ನು ತಾನೇ ನೋಡಿಕೊಳ್ಳುವ ಫೈಲ್ ಸಿಸ್ಟಂ ಝಡ್‌ಎಫ್‌ಎಸ್. ಬ್ಯಾಕಪ್‌ಗೆ ಇದರ ಹಿಂದಿನ ತಲೆಮಾರಿನ ಆರ್720 ಇದೆ. ಅದರಲ್ಲಿ ಎಲ್‌ಎಸ್‌ಐ ಕಂಪನಿಯ 9207-8ಐ ಕಾರ್ಡ್, ಮೇಲೆ ಲಿನಕ್ಸಿನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಫ್ರೀಬಿಎಸ್‌ಡಿ. ಎರಡೂ ಸೆಕೆಂಡ್ ಹ್ಯಾಂಡ್. ದೊಡ್ಡ ಕಂಪನಿಗಳು ಲೀಸ್ ಮುಗಿದ ಮೇಲೆ ಹೊರಹಾಕಿದ ಮಾಲು ಎಸ್.ಪಿ. ರೋಡಿನ ಕಡೆಗೆ ಬರುತ್ತದೆ, ಅಲ್ವಾ, ಅಂಥದ್ದು.

ಎಚ್‌ಬಿಎ330 ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಅದೇ ಅದರ ದೊಡ್ಡ ಗುಣ. ಅದರಲ್ಲಿ ಹಲವು ಡಿಸ್ಕುಗಳನ್ನು ಒಂದಾಗಿ ತೋರಿಸುವ ರೇಡ್ ಇಲ್ಲ, ಕ್ಯಾಶ್ ಇಲ್ಲ, ಬ್ಯಾಟರಿ ಇಲ್ಲ. ಡಿಸ್ಕ್ ಹಾಕಿದರೆ ಆ ಡಿಸ್ಕ್ ಹಾಗೇ ಆಪರೇಟಿಂಗ್ ಸಿಸ್ಟಂಗೆ ಕಾಣುತ್ತದೆ. ಸೀರಿಯಲ್ ನಂಬರ್ ಕಾಣುತ್ತದೆ, ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ಮಾಹಿತಿ ನೇರವಾಗಿ ಸಿಗುತ್ತದೆ. ಲಿನಕ್ಸಿನಲ್ಲಿ ಎಂಪಿಟಿ3ಸ್ಯಾಸ್ ಡ್ರೈವರ್, ಫ್ರೀಬಿಎಸ್‌ಡಿಯಲ್ಲಿ ಎಂಪಿಆರ್. ಎರಡೂ ಕರ್ನಲ್ ಜೊತೆಗೇ ಬರುತ್ತವೆ. ಡ್ರೈವರ್ ಡೌನ್‌ಲೋಡ್ ಮಾಡುವ, ಪ್ರತಿ ಕರ್ನಲ್ ಅಪ್‌ಡೇಟಿಗೂ ಮತ್ತೆ ಕಂಪೈಲ್ ಮಾಡುವ ಗೋಳಿಲ್ಲ.

ರೇಡ್ ಕಾರ್ಡ್ ಇದ್ದರೆ ಕಥೆ ಬೇರೆ. ಅದು ಮಂಡಿಯ ದಲ್ಲಾಳಿ ಇದ್ದ ಹಾಗೆ, ರೈತನ ಮಾತು ಕೊಳ್ಳುವವನಿಗೆ ನೇರವಾಗಿ ತಲುಪಲು ಬಿಡುವುದಿಲ್ಲ. ಡಿಸ್ಕಿನಲ್ಲಿ ಒಂದು ಸೆಕ್ಟರ್ ಹೋದರೆ ಕಾರ್ಡೇ ಒಳಗೊಳಗೆ ಸರಿಮಾಡಲು ನೋಡುತ್ತದೆ, ಝಡ್‌ಎಫ್‌ಎಸ್‌ಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಬರೆದದ್ದು ಡಿಸ್ಕಿಗೆ ಹೋಯಿತೋ ಕಾರ್ಡಿನ ಕ್ಯಾಶ್‌ನಲ್ಲೇ ಉಳಿಯಿತೋ ಗೊತ್ತಾಗುವುದಿಲ್ಲ. ಕಾರ್ಡ್ ಸುಟ್ಟರೆ ಅದೇ ಜಾತಿಯ ಇನ್ನೊಂದು ಕಾರ್ಡ್ ಹುಡುಕಬೇಕು. ಹಾರ್ಡ್‌ವೇರ್ ರೇಡ್ ಕೆಟ್ಟದ್ದು ಅಂತಲ್ಲ. ಎಕ್ಸ್‌ಎಫ್‌ಎಸ್ ಅಥವಾ ಇಎಕ್ಸ್‌ಟಿ4ನಂಥ ಸಾಮಾನ್ಯ ಫೈಲ್ ಸಿಸ್ಟಂ ಹಾಕಿ ಆರಾಮಾಗಿ ಇರುವವರಿಗೆ ಡೆಲ್‌ನ ರೇಡ್ ಕಾರ್ಡ್ ಎಚ್730ಪಿ, ಅದರ 2 ಜಿಬಿ ಕ್ಯಾಶ್, ಬ್ಯಾಟರಿ ಎಲ್ಲ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಝಡ್‌ಎಫ್‌ಎಸ್ ಅಥವಾ ಹಲವು ಯಂತ್ರಗಳ ಡಿಸ್ಕುಗಳನ್ನು ಒಟ್ಟುಗೂಡಿಸುವ ಸೆಫ್ ಓಡಿಸುವವರಿಗೆ ಮಾತ್ರ ನಡುವೆ ಇನ್ನೊಬ್ಬ ಯಜಮಾನ ಬೇಡ.

ಕೊಳ್ಳುವಾಗ ಹೆಸರು ನೋಡಿ ಮೋಸ ಹೋಗಬೇಡಿ. ಈ ವಿಮರ್ಶೆಯಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಡೆಲ್‌ನ ರೇಡ್ ಕಾರ್ಡ್ ಎಚ್330 ಮತ್ತು ಎಚ್‌ಬಿಎ330 ಎರಡರಲ್ಲೂ ಇರುವುದು ಒಂದೇ ಚಿಪ್, ಸ್ಯಾಸ್3008. ಆದರೆ ಕಾರ್ಡಿನೊಳಗೇ ಕೂತ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ ಬೇರೆ, ಹಾಗಾಗಿ ಡ್ರೈವರೂ ಬೇರೆ. ಯಂತ್ರದ ಕಾರ್ಡುಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡ್ ಓಡಿಸಿ ಐಡಿ ನೋಡಿ. 1000:0097 ಅಂತ ಬಂದರೆ ಶುದ್ಧ ಎಚ್‌ಬಿಎ. 1000:005ಎಫ್ ಅಂತ ಬಂದರೆ ಅದು ಮೆಗಾರೇಡ್ ಮನೆತನದ ಎಚ್330, ಲಿನಕ್ಸ್ ಅದಕ್ಕೆ ಮೆಗಾರೇಡ್_ಸ್ಯಾಸ್ ಡ್ರೈವರ್ ಹಾಕುತ್ತದೆ. ಎಚ್730ರಲ್ಲಿ ಚಿಪ್ ಸ್ಯಾಸ್3108, ಐಡಿ 1000:005ಡಿ. ಎಚ್330, ಎಚ್730 ಎರಡಕ್ಕೂ ಎಚ್‌ಬಿಎ ಮೋಡ್ ಎಂಬ ಆಯ್ಕೆ ಇದೆ. ಅದನ್ನು ಹಾಕಿದರೂ ಡ್ರೈವರ್ ಮಾತ್ರ ಮೆಗಾರೇಡ್ ಕಡೆಯದೇ. ಕೆಲಸ ನಡೆಯುತ್ತದೆ, ತುಂಬ ಜನ ನಡೆಸುತ್ತಿದ್ದಾರೆ. ಆಯ್ಕೆ ನನ್ನ ಕೈಲಿದ್ದರೆ ಎಚ್‌ಬಿಎ330ನ್ನೇ ಕೇಳಿ ಪಡೆಯುತ್ತೇನೆ.

ಅಂಗಡಿಯವರಿಗೆ ಈ ವ್ಯತ್ಯಾಸ ಗೊತ್ತಿರುವುದು ಕಡಿಮೆ. ಬ್ಯಾಕಪ್ ಯಂತ್ರಕ್ಕೆ 9207-8ಐ ತರಿಸಿದಾಗ ಮಾರಿದವರು ಐಟಿ ಮೋಡ್, ಅಂದರೆ ರೇಡ್ ಇಲ್ಲದ ಫರ್ಮ್‌ವೇರ್, ಅಂತ ಚೀಟಿ ಅಂಟಿಸಿ ಕಳಿಸಿದ್ದರು. ಸ್ಯಾಸ್2ಫ್ಲ್ಯಾಶ್ ಕಮಾಂಡ್ ಹಾಕಿ ನೋಡಿದರೆ ಒಳಗಿದ್ದದ್ದು ರೇಡ್ ಇರುವ ಐಆರ್ ಫರ್ಮ್‌ವೇರ್, ಅದೂ ಹಳೆಯ ಆವೃತ್ತಿ. ಫೋನ್ ಮಾಡಿದರೆ "ಎರಡೂ ಒಂದೇ ಸಾರ್, ಸುಮ್ನೆ ಹಾಕ್ಕೊಳ್ಳಿ" ಅಂದರು. ನಾನೇ ಐಟಿ ಫರ್ಮ್‌ವೇರಿನ 20.00.07.00 ಆವೃತ್ತಿ ಹಾಕಿಕೊಂಡೆ. ಸ್ಯಾಸ್ ಎಂಬ ಡಿಸ್ಕ್ ಸಂಪರ್ಕದ ಎರಡನೇ ತಲೆಮಾರಿನ, ಅಂದರೆ ಸ್ಯಾಸ್2 ಕಾರ್ಡುಗಳಿಗೆ ಇದೇ ನಂಬಿಕೆಯ ಆವೃತ್ತಿ. ಅದೇ 20ರ ಸರಣಿಯ ಶುರುವಿನ ಆವೃತ್ತಿಗಳಿಗೆ ಕೆಟ್ಟ ಹೆಸರಿದೆ, 20 ಅಂತ ಕಂಡರೆ ಸಾಕು ಅಂದುಕೊಳ್ಳಬೇಡಿ, ಕೊನೆಯ ಅಂಕಿಗಳನ್ನೂ ನೋಡಿ. ಸ್ಯಾಸ್3ರ 9300-8ಐ ಕಾರ್ಡಿಗೆ ಸ್ಟೋರೇಜ್ ಸರ್ವರ್ ಸಾಫ್ಟ್‌ವೇರ್ ಟ್ರೂನ್ಯಾಸ್ ಬಳಸುವವರು ಹಾಕಿಕೊಳ್ಳುವುದು 16.00.12.00. ನಕಲಿ ಎಲ್‌ಎಸ್‌ಐ ಕಾರ್ಡುಗಳೂ ಮಾರುಕಟ್ಟೆಯಲ್ಲಿ ಧಾರಾಳ. ಹೊಸದು ಅಂತ ಹೇಳಿ ತೀರಾ ಅಗ್ಗಕ್ಕೆ ಕೊಟ್ಟರೆ ಅನುಮಾನ ಪಡಿ. ಡೆಲ್, ಲೆನೊವೊ ಸರ್ವರಿನಿಂದ ಬಿಚ್ಚಿದ ಹಳೆಯ ಕಾರ್ಡೇ ವಾಸಿ.

ಆರ್720ರ ಜೊತೆ ಮೊದಲು ಬಂದದ್ದು ಡೆಲ್‌ನ ಎಚ್310 ಮಿನಿ ಕಾರ್ಡ್. ಅದರ ಚಿಪ್ ಸ್ಯಾಸ್2008, ಚಿಪ್ ಒಳ್ಳೆಯದೇ. ಡೆಲ್ ಫರ್ಮ್‌ವೇರ್‌ನಲ್ಲಿ ಅದರ ಕ್ಯೂ ಡೆಪ್ತ್, ಅಂದರೆ ಒಟ್ಟಿಗೆ ಹಿಡಿದುಕೊಳ್ಳಬಲ್ಲ ಕೋರಿಕೆಗಳ ಸಂಖ್ಯೆ, ಬರೀ 25. ಅದೇ ಚಿಪ್ಪಿಗೆ ಎಲ್‌ಎಸ್‌ಐ ಫರ್ಮ್‌ವೇರ್ ಹಾಕಿದರೆ 600. ಹಲವು ವರ್ಚುವಲ್ ಯಂತ್ರಗಳು ಒಟ್ಟಿಗೆ ಡಿಸ್ಕ್ ಕೇಳಿದಾಗ ಈ ಅಂಕಿಯ ಬೆಲೆ ತಿಳಿಯುತ್ತದೆ. ಫರ್ಮ್‌ವೇರ್ ಬದಲಿಸುವ ದಾರಿಗಳಿವೆ. ಮಿನಿ ಕಾರ್ಡಿನಲ್ಲಿ ಅದು ಸ್ವಲ್ಪ ನಾಜೂಕಿನ ಕೆಲಸ, ಆ ಸ್ಲಾಟ್ ಕಾರ್ಡಿನ ಗುರುತು ನೋಡುತ್ತದೆ. ನಾನು ಆ ಗೋಜಿಗೆ ಹೋಗದೆ ಪಿಸಿಐ ಸ್ಲಾಟಿಗೆ ಬೇರೆ ಕಾರ್ಡ್ ಹಾಕಿ ಕೇಬಲ್ ಬದಲಿಸಿದೆ. ಕೇಬಲಿನ ಉದ್ದ ಅಳೆದು ತರಿಸಿ. ಸ್ಯಾಸ್2 ಕಾರ್ಡಿಗೆ ಎಸ್‌ಎಫ್‌ಎಫ್-8087 ತುದಿ, 9300ಕ್ಕೆ 8643 ತುದಿ. ಒಂದು ಇನ್ನೊಂದಕ್ಕೆ ಕೂರುವುದಿಲ್ಲ.

ಹೊರಗಿನ ಕಾರ್ಡ್ ಹಾಕಿದರೆ ಫ್ಯಾನ್ ಜೋರಾಗುತ್ತದೆ. ಈ ಡೆಲ್ ಯಂತ್ರಗಳಿಗೆ ತಾನು ಗುರುತಿಸದ ಕಾರ್ಡಿನ ಬಿಸಿ ಎಷ್ಟು ಅಂತ ತಿಳಿಯುವ ದಾರಿ ಇಲ್ಲ. ಯಾಕೆ ಬೇಕು ಅಂತ ಗಾಳಿ ಹೆಚ್ಚಿಸುತ್ತದೆ. ಡೇಟಾ ಸೆಂಟರಿನಲ್ಲಿ ಇದು ಸರಿಯಾದ ಲೆಕ್ಕವೇ. ಪಕ್ಕದ ಕೋಣೆಯಲ್ಲಿ ಕೂತು ಕೆಲಸ ಮಾಡುವವರಿಗೆ ಕಷ್ಟ. ರ‍್ಯಾಕ್‌ಅಡ್ಮ್ ಅಥವಾ ಐಪಿಎಂಐಟೂಲ್ ಕಮಾಂಡಿನಿಂದ ಈ ಥರ್ಡ್ ಪಾರ್ಟಿ ಪ್ರತಿಕ್ರಿಯೆಯನ್ನು ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ ಕಾರ್ಡಿನ ಹೀಟ್‌ಸಿಂಕ್ ಮೇಲೆ ಗಾಳಿ ಹಾಯುತ್ತಿದೆಯಾ ಅಂತ ಒಂದು ಸಲ ನೋಡಿ. ಎಚ್‌ಬಿಎ330 ಮಿನಿ ಡೆಲ್‌ನದ್ದೇ ಆದ್ದರಿಂದ ಆರ್730ಎಕ್ಸ್‌ಡಿಯಲ್ಲಿ ಈ ತೊಂದರೆ ಇಲ್ಲ.

ಇನ್ನು ಡಿಸ್ಟ್ರೊ, ಅಂದರೆ ಬೇರೆ ಬೇರೆಯವರು ಕಟ್ಟಿ ಕೊಡುವ ಲಿನಕ್ಸುಗಳ ವಿಚಾರ. ಲಿನಕ್ಸ್ ಕರ್ನಲಿನಲ್ಲಿ ಡ್ರೈವರ್ ಇದ್ದ ಮಾತ್ರಕ್ಕೆ ನಿಮ್ಮ ಡಿಸ್ಟ್ರೊದಲ್ಲಿ ಕಾರ್ಡ್ ಓಡಬೇಕೆಂದೇನೂ ಇಲ್ಲ. ರೆಡ್ ಹ್ಯಾಟ್ 8ನೇ ಆವೃತ್ತಿಯಲ್ಲಿ ಎಂಪಿಟಿ3ಸ್ಯಾಸ್ ಡ್ರೈವರ್ ಇದೆ, ಆದರೆ ಸ್ಯಾಸ್2008ರ ಐಡಿಗಳನ್ನು ಅದರಿಂದ ತೆಗೆದರು. ಇನ್‌ಸ್ಟಾಲರ್ ಹಾಕಿದರೆ ಡಿಸ್ಕೇ ಕಾಣುವುದಿಲ್ಲ. ಕಾರ್ಡ್ ಸತ್ತಿದೆ ಅಂತ ಎಸೆದವರೂ ಇರಬಹುದು. ಇದಕ್ಕೆ ಇಎಲ್‌ರೆಪೊ ಎಂಬ ಹೊರಗಿನ ಸಾಫ್ಟ್‌ವೇರ್ ಭಂಡಾರ ಬೇರೆ ಡ್ರೈವರ್ ಕೊಡುತ್ತದೆ. ರೆಡ್ ಹ್ಯಾಟ್‌ಗೆ ಹೊಂದುವ ಉಚಿತ ಡಿಸ್ಟ್ರೊ ಆಲ್ಮಾಲಿನಕ್ಸ್ 8.10 ಮತ್ತು 9.4ರಿಂದ ತಾನೇ ಹಳೆಯ ಐಡಿಗಳನ್ನು ವಾಪಸ್ ಸೇರಿಸಿತು. ಡೆಬಿಯನ್, ಉಬುಂಟು, ಪ್ರಾಕ್ಸ್‌ಮಾಕ್ಸ್‌ನಲ್ಲಿ ಹೀಗೆ ಕಿತ್ತುಹಾಕಿಲ್ಲ. ಫ್ರೀಬಿಎಸ್‌ಡಿಯಲ್ಲಿ ಸ್ಯಾಸ್2ಕ್ಕೆ ಎಂಪಿಎಸ್, ಸ್ಯಾಸ್3ಕ್ಕೆ ಎಂಪಿಆರ್, ಓಪನ್‌ಬಿಎಸ್‌ಡಿಯಲ್ಲಿ ಎಂಪಿಐಐ. ಕಾರ್ಡ್ ಕೊಳ್ಳುವ ಮೊದಲು ಆ ಡ್ರೈವರಿನ ಮ್ಯಾನ್ ಪೇಜ್ ತೆರೆದರೆ ಯಾವ ಚಿಪ್ ನಡೆಯುತ್ತದೆ ಅಂತ ಪಟ್ಟಿಯೇ ಇರುತ್ತದೆ. ಬಿಎಸ್‌ಡಿ ಮಂದಿಯ ಈ ಅಚ್ಚುಕಟ್ಟು ನನಗೆ ಬಹಳ ಇಷ್ಟ.

ಪ್ರೊಸೆಸರ್ ಕೂಡ ಈಗ ಇದೇ ಸಾಲಿಗೆ ಬಂದಿದೆ. 2025ರಲ್ಲಿ ಬಂದ ರೆಡ್ ಹ್ಯಾಟ್ 10ಕ್ಕೆ ಎವಿಎಕ್ಸ್2 ಎಂಬ ಸೂಚನೆಗಳ ಗುಂಪು ಇರುವ ಪ್ರೊಸೆಸರ್ ಬೇಕು. ಆರ್720ರ ಇ5 ವಿ1, ವಿ2ರಲ್ಲಿ ಅದಿಲ್ಲ. ಆರ್730ರ ವಿ3, ವಿ4ರಲ್ಲಿ ಇದೆ. ಆಲ್ಮಾಲಿನಕ್ಸ್ 10 ಹಳೆಯ ಪ್ರೊಸೆಸರುಗಳಿಗೂ ಬೇರೆ ಬಿಲ್ಡ್ ಕೊಡುತ್ತದೆ, ನಿಜ. ಆದರೂ ಇವತ್ತು ಎರಡರಲ್ಲಿ ಒಂದು ಆರಿಸಬೇಕಾದರೆ ಆರ್720 ಕಡೆ ನಾನು ತಿರುಗಿಯೂ ನೋಡುವುದಿಲ್ಲ, ಬೆಲೆ ಎಷ್ಟೇ ಕಡಿಮೆ ಇದ್ದರೂ.

ಈ ವರ್ಷಗಳಲ್ಲಿ ಡಿಸ್ಕುಗಳು ಹೋಗಿವೆ, ಕಾರ್ಡ್ ಹೋಗಿಲ್ಲ. ಡಿಸ್ಕ್ ಹೋದಾಗ ಮಾಡುವ ಕೆಲಸ ಇಷ್ಟೇ. ಝಡ್‌ಪೂಲ್ ಸ್ಟೇಟಸ್ ನೋಡುವುದು, ಸೀರಿಯಲ್ ನಂಬರ್ ಬರೆದುಕೊಳ್ಳುವುದು, ಟ್ರೇ ಮೇಲೆ ಅಂಟಿಸಿದ ಚೀಟಿ ಜೊತೆ ತಾಳೆ ನೋಡಿ ಎಳೆಯುವುದು. ಲಿನಕ್ಸಿನಲ್ಲಿ ಲೆಡ್‌ಸಿಟಿಎಲ್, ಫ್ರೀಬಿಎಸ್‌ಡಿಯಲ್ಲಿ ಸೆಸ್‌ಯುಟಿಲ್ ಹಾಕಿದರೆ ಆ ಟ್ರೇಯ ದೀಪ ಮಿನುಗುತ್ತದೆ. ರೇಡ್ ಕಾರ್ಡಿನ ಹಿಂದಿರುವ ಡಿಸ್ಕಿನ ಸ್ಮಾರ್ಟ್ ನೋಡಲು ಮೆಗಾರೇಡ್ ಅಂತ ಸೇರಿಸಿ ಸಂಖ್ಯೆ ಊಹಿಸುವ ಕಸರತ್ತು ಇಲ್ಲಿ ಇಲ್ಲ.

ಒಮ್ಮೆ ಆಫೀಸು ಬದಲಿಸುವಾಗ ಡಿಸ್ಕುಗಳ ಒಂದು ಪೂಲನ್ನು ಲಿನಕ್ಸ್ ಯಂತ್ರದಿಂದ ಕಿತ್ತು ಫ್ರೀಬಿಎಸ್‌ಡಿ ಯಂತ್ರಕ್ಕೆ ಹಾಕಿದೆ. ಸ್ಯಾಸ್3 ಕಾರ್ಡಿನಿಂದ ಸ್ಯಾಸ್2 ಕಾರ್ಡಿಗೆ, ಒಂದು ಆಪರೇಟಿಂಗ್ ಸಿಸ್ಟಂನಿಂದ ಇನ್ನೊಂದಕ್ಕೆ. ಝಡ್‌ಪೂಲ್ ಇಂಪೋರ್ಟ್ ಕೊಟ್ಟೆ, ಬಂತು. 2020ರ ಕೊನೆಗೆ ಬಂದ ಓಪನ್‌ಝಡ್‌ಎಫ್‌ಎಸ್ 2.0ರಿಂದ ಲಿನಕ್ಸಿಗೂ ಫ್ರೀಬಿಎಸ್‌ಡಿಗೂ ಒಂದೇ ಕೋಡ್. ಎರಡೂ ಕಡೆ ಆವೃತ್ತಿ ಹತ್ತಿರ ಇದ್ದರೆ ಸಾಕು. ಪೂಲ್ ಅಪ್‌ಗ್ರೇಡ್ ಮಾಡುವ ಮೊದಲು ಮಾತ್ರ ಇನ್ನೊಂದು ಯಂತ್ರದ ಆವೃತ್ತಿ ನೋಡಿಕೊಳ್ಳಿ.

ಕೊರತೆಗಳೂ ಇವೆ. ಸಾಟಾ ಎಸ್‌ಎಸ್‌ಡಿಗಳಿಗೆ ಈ ಸ್ಯಾಸ್ ಕಾರ್ಡುಗಳು ಟ್ರಿಮ್, ಅಂದರೆ ಯಾವ ಜಾಗ ಖಾಲಿಯಾಗಿದೆ ಅಂತ ತಿಳಿಸುವ ಆದೇಶ, ಕಳಿಸಬೇಕಾದರೆ, ಟ್ರಿಮ್ ಆದ ಜಾಗ ಓದಿದಾಗ ಸೊನ್ನೆಯೇ ಬರುತ್ತದೆ ಅಂತ ಎಸ್‌ಎಸ್‌ಡಿ ಖಾತ್ರಿ ಕೊಟ್ಟಿರಬೇಕು. ಲ್ಯಾಪ್‌ಟಾಪಿನ ಅಗ್ಗದ ಎಸ್‌ಎಸ್‌ಡಿಗಳಲ್ಲಿ ಹಲವಕ್ಕೆ ಅದಿಲ್ಲ. ಎಂಟರ್‌ಪ್ರೈಸ್ ದರ್ಜೆಯ ಹಳೆಯ ಎಸ್‌ಎಸ್‌ಡಿ ಹಾಕಿ. ಸ್ಟೋರೇಜ್ ಅರೇಗಳಿಂದ ಬಂದ ಅಗ್ಗದ ಸ್ಯಾಸ್ ಡಿಸ್ಕುಗಳಲ್ಲಿ ಸೆಕ್ಟರ್ 520 ಬೈಟ್ ಇರುತ್ತದೆ. ಎಸ್‌ಜಿ_ಫಾರ್ಮ್ಯಾಟ್ ಹಾಕಿ 512ಕ್ಕೆ ತರುವ ತನಕ ಲಿನಕ್ಸ್ ಅದನ್ನು ಬಳಸುವುದಿಲ್ಲ. ದೊಡ್ಡ ಡಿಸ್ಕಿಗೆ ಅದು ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋಗಬಾರದು. ಯುಪಿಎಸ್ ಮೇಲೆ ಇಟ್ಟೇ ಮಾಡಿ.

ಕರೆಂಟ್ ಬಿಲ್ ಬಗ್ಗೆಯೂ ಯೋಚಿಸಿ. 12 ಡಿಸ್ಕ್ ತುಂಬಿದ ಎರಡು ಪ್ರೊಸೆಸರಿನ ಯಂತ್ರ ಸುಮ್ಮನೆ ಕೂತರೂ ಒಳ್ಳೆಯ ಪಾಲು ತಿನ್ನುತ್ತದೆ. ಎರಡು ಪ್ರೊಸೆಸರ್ ಬೇಡವಾದರೆ ಒಂದನ್ನು ತೆಗೆಯಬಹುದು, ಆಗ ಅರ್ಧ ಮೆಮೊರಿ ಸ್ಲಾಟು ಮತ್ತು ಕೆಲವು ಪಿಸಿಐ ಸ್ಲಾಟು ಕೆಲಸ ಮಾಡುವುದಿಲ್ಲ. ಇನ್ನು ರ‍್ಯಾಕ್. ಗೋಡೆಗೆ ನೇತುಹಾಕುವ ನೆಟ್‌ವರ್ಕ್ ರ‍್ಯಾಕಿನಲ್ಲಿ ಇದು ಕೂರುವುದಿಲ್ಲ. ಹಿಂದೆ ಕೇಬಲಿಗೂ ಜಾಗ ಬೇಕು, ಒಂದು ಮೀಟರ್ ಆಳದ ರ‍್ಯಾಕ್ ನೋಡಿ. ರೈಲ್ ಜೊತೆಗೇ ಕೇಳಿ, ಆಮೇಲೆ ಹುಡುಕಿದರೆ ಜಾಸ್ತಿ ದುಡ್ಡು. ಡಿಸ್ಕ್ ಟ್ರೇಗಳೂ ಅಷ್ಟೇ, ಖಾಲಿ ಪ್ಲಾಸ್ಟಿಕ್ ಮುಚ್ಚಳ ಹಾಕಿ ಕೊಡುವವರಿದ್ದಾರೆ.

ಎಚ್‌ಪಿ ಡಿಎಲ್380 ಜೆನ್9 ಕೂಡ ನೋಡಿದ್ದೆ. ಅದರ ಪಿ440ಎಆರ್ ಕಂಟ್ರೋಲರಿಗೂ ಎಚ್‌ಬಿಎ ಮೋಡ್ ಇದೆ, ಲಿನಕ್ಸಿನಲ್ಲಿ ಎಚ್‌ಪಿಎಸ್‌ಎ ಡ್ರೈವರ್. ಯಂತ್ರ ಗಟ್ಟಿ. ಆದರೆ 2014ರಿಂದ ಎಚ್‌ಪಿ ಸರ್ವರಿನ ಬಯೋಸ್ ಅಪ್‌ಡೇಟಿಗೆ ವಾರಂಟಿ ಅಥವಾ ಸಪೋರ್ಟ್ ಒಪ್ಪಂದ ಬೇಕು. ಡೆಲ್‌ನಲ್ಲಿ ಸರ್ವಿಸ್ ಟ್ಯಾಗ್ ಹಾಕಿದರೆ ಫೈಲ್ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವನಿಗೆ ಇದು ಸಣ್ಣ ವಿಷಯವಲ್ಲ. ಎರಡೂ ಕಂಪನಿಗಳ ಅಗ್ಗದ ಸಾಫ್ಟ್‌ವೇರ್ ರೇಡ್, ಅಂದರೆ ಡೆಲ್ ಎಸ್130, ಎಚ್‌ಪಿ ಬಿ140ಐ, ಸಿಕ್ಕರೆ ಬಯೋಸಿನಲ್ಲಿ ರೇಡ್ ಇಲ್ಲದ ಎಎಚ್‌ಸಿಐ ಮೋಡಿಗೆ ಹಾಕಿಬಿಡಿ.

ಅಂಗಡಿಯಲ್ಲೇ ಮಾಡಬೇಕಾದದ್ದು: ಪೆನ್‌ಡ್ರೈವಿನಲ್ಲಿ ಡೆಬಿಯನ್ ಲೈವ್ ಒಯ್ಯಿರಿ. ಬೂಟ್ ಮಾಡಿ ಎಲ್‌ಎಸ್‌ಪಿಸಿಐ ಐಡಿ ನೋಡಿ, ಒಂದು ಡಿಸ್ಕ್ ಹಾಕಿ ಸ್ಮಾರ್ಟ್ ಓದಿ, ಎಲ್ಲ ಟ್ರೇಗಳಲ್ಲೂ ಅದೇ ಡಿಸ್ಕ್ ಹಾಕಿ, ಡಿಸ್ಕುಗಳು ಹಿಂದೆ ಕೂಡಿಕೊಳ್ಳುವ ಬೋರ್ಡ್, ಅಂದರೆ ಬ್ಯಾಕ್‌ಪ್ಲೇನ್ ಪರೀಕ್ಷಿಸಿ. ದೂರದಿಂದ ಯಂತ್ರ ನಿಭಾಯಿಸಲು ಡೆಲ್ ಒಳಗೇ ಇಟ್ಟಿರುವ ಐಡ್ರಾಕ್‌ಗೆ ಎಂಟರ್‌ಪ್ರೈಸ್ ಲೈಸೆನ್ಸ್ ಇದೆಯಾ ಕೇಳಿ, ಇಲ್ಲದಿದ್ದರೆ ದೂರದಿಂದ ಸ್ಕ್ರೀನ್ ನೋಡಲಾಗುವುದಿಲ್ಲ. ಇಂಟೆಲ್ ಎಕ್ಸ್520 ನೆಟ್‌ವರ್ಕ್ ಕಾರ್ಡ್ ಇದ್ದರೆ ಅದು ಕೇಬಲ್ ತುದಿಗೆ ಹಾಕುವ ಎಸ್‌ಎಫ್‌ಪಿ ಮಾಡ್ಯೂಲ್‌ಗಳನ್ನೆಲ್ಲ ಒಪ್ಪುವುದಿಲ್ಲ, ಡ್ರೈವರಿಗೆ ಒಂದು ಆಯ್ಕೆ ಸೇರಿಸಬೇಕು.

ಇನ್ನೂ ಹೊಸದು ಬೇಕು ಅನ್ನುವವರಿಗೆ ಆರ್740ಎಕ್ಸ್‌ಡಿ ಇದೆ, ಅದಕ್ಕೂ ಎಚ್‌ಬಿಎ330 ಬರುತ್ತದೆ. ಒಂದೇ ಎಚ್ಚರಿಕೆ. ಅದರ ಐಡ್ರಾಕ್ 9ರಲ್ಲಿ 3.34ರ ಆವೃತ್ತಿಯಿಂದ ಫ್ಯಾನ್ ವೇಗವನ್ನು ಕೈಯಾರೆ ಇಳಿಸುವ ದಾರಿ ಮುಚ್ಚಿದ್ದಾರೆ. ಆಫೀಸಿನೊಳಗೇ ಇಡುವುದಾದರೆ ಕೊಳ್ಳುವ ಮೊದಲು ಹತ್ತು ನಿಮಿಷ ಅದರ ಪಕ್ಕ ನಿಂತು ಸದ್ದು ಕೇಳಿ.