ಗಿಟ್ ಬೈಸೆಕ್ಟ್: ಎರಡು ದಿನ ಸಿಗದ ತಪ್ಪು ಅರ್ಧ ಗಂಟೆಯಲ್ಲಿ ಸಿಕ್ಕಿತು

ರಾಯಚೂರಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಒಂದು ಹತ್ತಿ ಮಿಲ್ಲಿನ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನಾನೇ. ಮೊನ್ನೆ ಅಲ್ಲಿನ ಗುಮಾಸ್ತರ ಫೋನ್: “ನಸುಕಿನ್ಯಾಗ ತೂಕ ಮಾಡಿದ ಲಾರಿಗೆ ನಿನ್ನಿ ತಾರೀಖು ಬರಾಕತ್ತದ ನೋಡ್ರಿ.”

ಎರಡು ದಿನ ಕೋಡ್ ಕೆದಕಿದೆ. ಮೇ ತಿಂಗಳ ಬಿಸಿಲು, ನಡುನಡುವೆ ಕರೆಂಟ್ ಬೇರೆ ಹೋಗೋದು. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲಾ ಸರಿಯಾಗೇ ಇತ್ತು. ನಾನು ಪರೀಕ್ಷೆ ಮಾಡುತ್ತಿದ್ದದ್ದು ಹಗಲಲ್ಲಿ ಅಲ್ವಾ!

ಕೊನೆಗೆ ಗಿಟ್ ಬೈಸೆಕ್ಟ್ ಓಡಿಸಿದೆ. ಗಿಟ್ ಅಂದರೆ ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಸಾಧನ; ತಪ್ಪು ಯಾವ ಬದಲಾವಣೆಯಲ್ಲಿ ನುಸುಳಿತು ಎಂದು ಹುಡುಕಿಕೊಡುವ ಅದರ ಆಜ್ಞೆಯೇ ಬೈಸೆಕ್ಟ್. ಸರಿಯಿದ್ದ ಹಳೇ ಕಮಿಟ್ (ಹಾಗೆ ದಾಖಲಾದ ಬದಲಾವಣೆ) ಒಂದು, ಕೆಟ್ಟದ್ದೊಂದು ತೋರಿಸಿದರೆ ಸಾಕು. ನಡುವಿನದನ್ನು ತೆಗೆದು ಕೊಡುತ್ತದೆ. ನಾವು ‘ಗುಡ್’ ಅಥವಾ ‘ಬ್ಯಾಡ್’ ಎನ್ನಬೇಕು. ಪ್ರತಿ ಸಲವೂ ಅರ್ಧದಷ್ಟು ಕಮಿಟ್ ಹೊರಗೆ. ಸಾವಿರ ಇದ್ದರೂ ಸುಮಾರು 10 ಸಲಕ್ಕೆ ಮುಗಿಯುತ್ತದೆ. ನನಗೆ 8 ಸಲ ಸಾಕಾಯಿತು.

ಸಿಕ್ಕಿದ್ದು ಒಂದೇ ಸಾಲು. ತಾರೀಖನ್ನು ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯದಿಂದ ತೆಗೆದಿದ್ದೆ. ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಹಾಗಾಗಿ ಬೆಳಗ್ಗೆ 5:30ರೊಳಗೆ ತೂಗಿದ್ದೆಲ್ಲ ಹಿಂದಿನ ದಿನಕ್ಕೆ ಬೀಳುತ್ತಿತ್ತು.

ಒಂದು ಕೊರತೆ ಇದೆ. ಓಡಿಸಿ ನೋಡಲಾಗದ ಅರ್ಧಂಬರ್ಧ ಕಮಿಟ್‌ಗಳು ಜಾಸ್ತಿ ಇದ್ದರೆ ‘ಸ್ಕಿಪ್’ ಕೊಡುತ್ತಲೇ ಕೂರಬೇಕು. ಮುಗಿದ ಮೇಲೆ ಕೋಡನ್ನು ಮೊದಲಿದ್ದ ಜಾಗಕ್ಕೆ ತರುವ ‘ರೀಸೆಟ್’ ಮರೆಯಬೇಡಿ. ಗಿಟ್ ಜೊತೆಗೇ ಪುಕ್ಕಟೆ ಬರುತ್ತದೆ, ಐದಕ್ಕೆ ಐದು ಕೊಡುತ್ತೇನೆ.