ಬಾಡಗಿ ಟೆಂಟ್ ತಗೊಂಡ್ ಗೋಕರ್ಣಕ್ಕ ಹೋಗಿದ್ವಿ, 5ಕ್ಕ 3 ಸ್ಟಾರ್

ಡಿಸೆಂಬರ್ ಸೂಟ್ಯಾಗ ಗೋಕರ್ಣಕ್ಕ ಹೊಂಟಿದ್ವಿ, ನಾನು, ನಮ್ಮನಿಯವ್ರು, ಎರಡ ಹುಡುಗ್ರು, ಬೈಲಹೊಂಗಲದಿಂದ ಮಾವನವ್ರು. ಎರಡ ರಾತ್ರಿ ಸಲುವಾಗಿ ಟೆಂಟ್ ಯಾಕ ಖರೀದಿ ಮಾಡೂದಂತ ನಮ್ಮ ಬೆಳಗಾವಿ ಟಿಳಕವಾಡಿ ಕಡೆ ಒಂದ್ ಅಂಗಡ್ಯಾಗ ಬಾಡಗಿಗೆ ತಗೊಂಡ್ವಿ (ಹೆಸರ ಹಾಕಂಗಿಲ್ಲ, ಮನಷ್ಯಾ ಚೊಲೊ ಅದಾನ). ನಾಕ ಮಂದಿದೊಂದು, ಎರಡ ಮಂದಿದೊಂದು ಟೆಂಟ್, ಸ್ಲೀಪಿಂಗ್ ಬ್ಯಾಗ್ 5, ಎಲ್ಲಾ ಕೂಡಿ 1,800, ಡಿಪಾಸಿಟ್ 3,000.

ಮಾಲ್ ಮ್ಯಾಲೆ ತಕರಾರ ಇಲ್ರಿ. ಬಟ್ಟಿ ಹರದಿಲ್ಲ, ಜಿಪ್ ಸರಳ ಓಡ್ತಿತ್ತು. ಆದ್ರ ನಾಕ ಮಂದಿ ಟೆಂಟ್ ಅಂದ್ರ ಇಬ್ರು ದೊಡ್ಡವ್ರು ಎರಡ ಹುಡುಗ್ರು ಅಂತ ತಿಳಕೋರಿ, ಬ್ಯಾಗ್ ಹೊರಗ.

ನನ್ನ ಸಿಟ್ಟು ಏನಂದ್ರ "ಅಕ್ಕಾರ, ಎಲ್ಲಿಗೆ ಹೊಂಟೀರಿ" ಅಂತ ಅಂವ ಒಂದ್ ಮಾತ ಕೇಳಲಿಲ್ಲ. ಗೋಕರ್ಣದಾಗ ಬೆಲೇಕಾನ ಬೀಚ್ ಹತ್ರ ಒಬ್ಬರ ಜಾಗಾದಾಗ ಕೇಳ್ಕೊಂಡು ಟೆಂಟ್ ಹಾಕಿದ್ವಿ, ಕೆಳಗ ಬರೇ ಉಸುಕ, ಕೊಟ್ಟಿದ್ ಗೂಟ ನೋಡಿದ್ರ ಸಣ್ಣ ತಂತಿ ಇದ್ದಂಗ, ಸಂಜಿಮುಂದ ಸಮುದ್ರದ ಗಾಳಿ ಹೊಡಿಯಾಕ ಹತ್ತಿತು ನೋಡ್ರಿ, ಎಲ್ಲಾ ಗೂಟ ಕಿತ್ಕೊಂಡ್ ಸಣ್ಣ ಟೆಂಟ್ ಗಾಳಿಪಟ ಆಗಿ ಹೊಂಟತು, ಹುಡುಗ್ರು ಅದರ ಹಿಂದ! ಮಾವನವ್ರು ನಗಕೋತ "ಎತ್ತಿನ ಗೂಟಾನೂ ಉಸುಕಿನ್ಯಾಗ ನಿಲ್ಲಂಗಿಲ್ಲವಾ" ಅಂದು ರೊಟ್ಟಿ ತಂದಿದ್ ಚೀಲ ಖಾಲಿ ಮಾಡಿ, ಅದರಾಗ ಉಸುಕ ತುಂಬಿ, ನಡಕ್ಕ ಹಗ್ಗ ಕಟ್ಟಿ, ಮೊಳಕೈ ಆಳ ಹುಗದ್ರು. ಆಮ್ಯಾಲೆ ಎಳದ್ರೂ ಅಳಗಾಡಲಿಲ್ಲ. ಇನ್ನ ಉಳಿದ್ ಗೂಟಕ್ಕ ಶೇಂಗಾ ಚಟ್ನಿ ಡಬ್ಬಿ, ಹುಡುಗ್ರ ಪ್ಯಾಂಟು, ಸಿಕ್ಕಿದ್ದೆಲ್ಲಾ ಹುಗದ್ವಿ. ಇನ್ನೊಂದು, ಸಂಜಿಗೆ ಸಮುದ್ರದಿಂದ ಬರೂ ಗಾಳಿ ನಡರಾತ್ರಿ ಮ್ಯಾಲೆ ದಂಡಿ ಕಡಿಂದ ತಿರಗ್ತೈತಿ, ಹಿಂಗಾಗಿ ಒಂದ ಬಾಜು ಅಷ್ಟ ಕಟ್ಟಿದ್ರ ನಡಿಯಂಗಿಲ್ಲ.

ಸ್ಲೀಪಿಂಗ್ ಬ್ಯಾಗ್ ದಂಡ. ಬೆಳಗಾವಿ ಥಂಡಿ ನೋಡಿ ಅಂವ ಕೊಟ್ಟ, ಅಲ್ಲಿ ಸೆಕಿ, ಹಾಸಿಗಿ ಮಾಡಿ ಮಕ್ಕೊಂಡ್ವಿ. ಜಿಪ್ ಪೂರಾ ಮುಚ್ಚಿದ್ರ ಮುಂಜಾನಿ ಉಸರಿನ ನೀರು ಒಳಗ ತೊಟ್ಟಿಕ್ತೈತಿ, ಕಿಡಕಿ ತಗದ್ ಇಡ್ರಿ.

ಮರದಿನ ಕುಡ್ಲೆ ಬೀಚಿನಿಂದ ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚ್ ತನಾ ನಡದ್ವಿ. ಕಡೀ ಎರಡಕ್ಕ ಗಾಡಿ ಹೋಗೂ ರಸ್ತಾ ಇಲ್ಲ, ನಡಿಬೇಕು ಇಲ್ಲಾಂದ್ರ ಬೋಟ್. ಬಂಡಿಗಲ್ಲ ಮ್ಯಾಲೆ ಚಪ್ಪಲ್ ಜಾರತಾವು, ಬೂಟ್ ಹಾಕ್ಕೋರಿ. ನಮ್ ಸಣ್ಣಾವ ಹಾಫ್ ಮೂನ್ ದಾಟಿದ್ ಕೂಡ್ಲೇ ಕುಂತ ಬಿಟ್ಟ, ವಾಪಸ್ ಬೋಟಿನ್ಯಾಗ ಬಂದ್ವಿ, ದುಡ್ಡ ಹೋತು ಆದ್ರ ಸಮುದ್ರದಿಂದ ಆ ಗುಡ್ಡ ನೋಡೂದ ಬ್ಯಾರೆ.

ಟೆಂಟ್ ವಾಪಸ್ ಕೊಡಾಕ ಹೋದ್ರ, ಉಪ್ಪಿನ ಗಾಳಿಗೆ ಜಿಪ್ ಬಿಗಿ ಆಗೇತಿ ಅಂತ 300 ಮುರಕೊಂಡ. ಸಿಹಿನೀರಾಗ ತೊಳದ್ ತಂದಿದ್ರ ಇಷ್ಟ ಆಗ್ತಿರಲಿಲ್ಲಂತ, ಅದನ್ನೂ ಮೊದಲ ಹೇಳಿಲ್ಲ. ಗೂಟದ ಕಥಿ ಹೇಳಿದ್ರ "ಅಕ್ಕಾರ, ನಮ್ ಗಿರಾಕಿ ಎಲ್ಲಾ ಜಾಂಬೋಟಿ, ದಾಂಡೇಲಿ ಅಡವಿ ಕಡೆ ಹೋಗಾವ್ರು" ಅಂದ. ಮತ್ತ ಹೋದ್ರ ಅಲ್ಲೇ ತಗೊಂತೀನಿ, ಚೀಲ ಮಾತ್ರ ಮನಿದು ಎಂಟ್ ಒಯ್ತೀನಿ.