ಡಯಲ್ ಡಂಬೆಲ್ ಕೊಳ್ಳುವ ಮುಂಚೆ ಒಳಗಿನ ಕೊಂಡಿ ನೋಡಿ

ಮನೆಯಲ್ಲೇ ಚಿಕ್ಕದೊಂದು ಜಿಮ್ ಮಾಡಿಕೊಳ್ಳೋಣ ಎಂದು ಡಯಲ್ ತಿರುಗಿಸಿ ತೂಕ ಬದಲಿಸುವ ಡಂಬೆಲ್ ಹುಡುಕುತ್ತಿದ್ದೀರಾ? ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿಬಿಡಿ. ಬೆಂಚಿನ ಮೇಲೆ ಮಲಗಿ ಡಂಬೆಲ್ ಮೇಲಕ್ಕೆ ತಳ್ಳುವ ಪ್ರೆಸ್ ವ್ಯಾಯಾಮ ಮಾಡುತ್ತಿದ್ದಾಗ ನನ್ನ ಬಲಗೈ ಡಂಬೆಲ್‌ನಿಂದ ತೂಕದ ಒಂದು ಪ್ಲೇಟ್ ಕಳಚಿ ಬಿತ್ತು. ಭುಜಕ್ಕೆ ಬಡಿದು ನೆಲಕ್ಕುರುಳಿತು. ಒಂದು ಗೇಣು ಈಚೆ ಬಿದ್ದಿದ್ದರೆ ಮುಖವೇ ಜಜ್ಜಿಹೋಗುತ್ತಿತ್ತು. ಒಂದು ಕಡೆಯ ತೂಕ ದಿಢೀರನೆ ಇಳಿದದ್ದರಿಂದ ಮಣಿಕಟ್ಟೂ ಉಳುಕಿತು, ಆ ನೋವು ಭುಜದ ನೋವಿಗಿಂತ ಹೆಚ್ಚು ಕಾಲ ಕಾಡಿತು.

ಡಯಲ್ 15 ಕಿಲೋ ತೋರಿಸುತ್ತಿತ್ತು, ತಿರುಗಿಸುವಾಗ ‘ಟಕ್’ ಎಂದು ಸದ್ದೂ ಬಂದಿತ್ತು. ಹಾಗಿದ್ದರೂ ಪ್ಲೇಟ್ ಏಕೆ ಬಿತ್ತು ಎಂದು ಬಿಚ್ಚಿ ನೋಡಿದೆ. ಇಂಥ ಡಂಬೆಲ್‌ನಲ್ಲಿ ಡಯಲ್ ಜೊತೆಗೆ ಒಳಗಿನ ಬಿಲ್ಲೆಗಳು ತಿರುಗುತ್ತವೆ. ಬಿಲ್ಲೆಯ ಅಂಚು ಪ್ಲೇಟಿನ ಕೊಂಡಿಯ ಕೆಳಗೆ ಕೂತರೆ ಆ ಪ್ಲೇಟ್ ಮೇಲೆ ಬರುತ್ತದೆ, ಇಲ್ಲದಿದ್ದರೆ ಡಂಬೆಲ್ ಕೂರಿಸುವ ಟ್ರೇಯಲ್ಲೇ ಉಳಿಯುತ್ತದೆ. ನನ್ನದರಲ್ಲಿ ಆ ಬಿಲ್ಲೆ ಪ್ಲಾಸ್ಟಿಕ್ಕಿನದು. ಅಂಚು ಸವೆದು ದುಂಡಗಾಗಿತ್ತು, ಬುಡದಲ್ಲಿ ಬೆಳ್ಳಗೆ ಬಿರುಕಿನ ಗೆರೆ ಕಾಣುತ್ತಿತ್ತು. ಮುಖದ ಮೇಲೆ ಎತ್ತುವ ತೂಕವನ್ನು ಹಿಡಿದಿದ್ದದ್ದು ಉಗುರಿನಷ್ಟು ಅಗಲದ ಪ್ಲಾಸ್ಟಿಕ್! ಕಂಪನಿಯವರಿಗೆ ಫೋಟೋ ಕಳಿಸಿದರೆ ‘ಕೆಳಗೆ ಬೀಳಿಸಿರಬೇಕು, ವಾರಂಟಿ ಸಿಗಲ್ಲ’ ಎಂದು ಕೈತೊಳೆದುಕೊಂಡರು. ಒಮ್ಮೆಯೂ ಬೀಳಿಸಿರಲಿಲ್ಲ.

ಅಗ್ಗದ ಮಾಲಿಗೆ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. ನನ್ನದು ಬೇರೆ ಕಂಪನಿಯದು, ಆದರೆ ಹೆಸರುವಾಸಿ ಬೋಫ್ಲೆಕ್ಸ್‌ನ 552 ಮತ್ತು 1090 ಮಾದರಿಗಳನ್ನೇ 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ವಾಪಸ್ ಕರೆಸಲಾಯಿತು. ಒಟ್ಟು ಸುಮಾರು 38 ಲಕ್ಷ ಡಂಬೆಲ್‌ಗಳು. ಬಳಸುವಾಗ ಪ್ಲೇಟ್ ಕಳಚಿ ಬೀಳಬಹುದು ಎಂಬುದೇ ಕಾರಣ, ನೂರಕ್ಕೂ ಹೆಚ್ಚು ಮಂದಿಗೆ ಗಾಯವಾದ ವರದಿಗಳಿದ್ದವು.

ಹಾಗಾಗಿ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಪ್ಲೇಟ್ ಹಿಡಿಯುವ ಭಾಗ ಲೋಹದ್ದೋ ಪ್ಲಾಸ್ಟಿಕ್ಕಿನದೋ ಎಂದು. ಬಣ್ಣ, ಹಿಡಿಯ ರಬ್ಬರ್ ಎಲ್ಲ ಆಮೇಲಿನ ಮಾತು. ಕೈಗೆ ಸಿಕ್ಕರೆ ಟ್ರೇಯಿಂದ ನಾಲ್ಕು ಬೆರಳಷ್ಟು ಮಾತ್ರ ಎತ್ತಿ, ಎರಡೂ ಕಡೆ ಓರೆ ಮಾಡಿ ಅಲುಗಾಡಿಸಿ. ಪ್ಲೇಟ್‌ಗಳು ಗಲಗಲ ಎಂದರೆ, ಒಂದು ಪ್ಲೇಟ್ ಉಳಿದವಕ್ಕಿಂತ ಜೋತುಬಿದ್ದರೆ ಅಲ್ಲೇ ಬಿಟ್ಟುಬನ್ನಿ. ಈಗಾಗಲೇ ಮನೆಯಲ್ಲಿ ಇರುವವರು ತೂಕ ಬದಲಿಸಿದಾಗಲೆಲ್ಲ ಇದನ್ನೇ ಮಾಡಿ, ಡಯಲಿನ ಅಂಕಿ ನಂಬಿ ನೇರವಾಗಿ ತಲೆಯ ಮೇಲೆ ಎತ್ತಬೇಡಿ. ಇನ್ನೊಂದು ವಿಷಯ, ಇಂಥ ಹಲವು ಡಂಬೆಲ್‌ಗಳು ಕಡಿಮೆ ತೂಕದಲ್ಲೂ ಅಷ್ಟೇ ಉದ್ದ ಇರುತ್ತವೆ, ಕೆಲವು ವ್ಯಾಯಾಮಗಳಲ್ಲಿ ಒಂದಕ್ಕೊಂದು ತಾಗುತ್ತವೆ.

ನಾನೀಗ ತಿರುಪಿನ ಗೆರೆಗಳಿರುವ ಕಂಬಿಗೆ ನಟ್ ಬಿಗಿಯುವ ಹಳೇ ಮಾದರಿಗೆ ಮರಳಿದ್ದೇನೆ. ತೂಕ ಬದಲಿಸಲು ಹೊತ್ತು ಹಿಡಿಯುತ್ತದೆ, ನಿಜ. ನಟ್ ಕೂಡ ಮೆಲ್ಲಗೆ ಸಡಿಲವಾಗುತ್ತದೆ, ಪ್ರತಿ ಸೆಟ್‌ಗೆ ಮುಂಚೆ ಬಿಗಿ ಮಾಡಲೇಬೇಕು. ಆದರೆ ಸಡಿಲವಾದದ್ದು ಕಣ್ಣಿಗೆ ಕಾಣುತ್ತದೆ, ಕೈಗೆ ತಿಳಿಯುತ್ತದೆ. ಪ್ಲೇಟ್ ಬೇರೆಯಾಗಿ ಕೊಳ್ಳುವಾಗ ಕಂಬಿಯ ದಪ್ಪ 25 ಮಿಲಿಮೀಟರೋ 28 ಮಿಲಿಮೀಟರೋ ಎಂದು ಅಳೆದುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಡಯಲ್ ಡಂಬೆಲ್ ನೋಡುತ್ತಿರುವವರು ಮಾದರಿಯ ಸಂಖ್ಯೆ ಕೇಳಿ, ವಾಪಸ್ ಕರೆಸಿದ ಪಟ್ಟಿಯಲ್ಲಿದೆಯೇ ಎಂದು ಹುಡುಕಿ. ಟ್ರೇ ಕಳೆದುಹೋಗಿದೆ, ಡಂಬೆಲ್ ಮಾತ್ರ ಕೊಡುತ್ತೇನೆ ಎಂದರೆ ಎಷ್ಟು ಕಡಿಮೆಗೆ ಬಂದರೂ ಬೇಡ.